ದುಡಿಯುವ ಜಾಗಗಳ ಹೆಸರುಗಳು, ಕನ್ನಡದಲ್ಲಿ

ಜನ ದುಡಿಯುವ ಜಾಗಗಳನ್ನು ಗುರುತಿಸಲು ಕನ್ನಡದಲ್ಲಿ ಬಳಕೆಯಲ್ಲಿರುವ ಪದಗಳ ಸಮುದಾಯ. ಗದ್ದೆ, ಕಣ, ಆಲೆಮನೆ, ಕುಲುಮೆ, ಅಂಗಡಿ, ಚಾವಡಿ, ಕಚೇರಿ, ಕಾರ್ಖಾನೆ, ಗಿರಣಿ, ಎಸ್ಟೇಟು, ಆಫೀಸು, ಗಾರ್ಮೆಂಟ್ಸ್ ಹೀಗೆ ಪಟ್ಟಿ ಉದ್ದವಿದೆ. ಆದರೆ ಇಷ್ಟನ್ನೂ ಒಟ್ಟಿಗೆ ಹಿಡಿಯುವ ಒಂದು ಮಾತು ಆಡುಗನ್ನಡದಲ್ಲಿ ಬೆಳೆಯಲಿಲ್ಲ. ‘ಕೆಲಸದ ಸ್ಥಳ’ ಕಾಯ್ದೆ ಪುಸ್ತಕದ ಮಾತು. ‘ಕಾರ್ಯಕ್ಷೇತ್ರ’ ಸನ್ಮಾನಪತ್ರಗಳಲ್ಲಿ ಕಾಣುವಂಥದು. ಯಜಮಾನರು ಎಲ್ಲಿ ಎಂದು ಯಾರಾದರೂ ವಿಚಾರಿಸಿದರೆ ಮನೆಯಿಂದ ಬರುವ ಉತ್ತರ ‘ಕೆಲಸಕ್ಕೆ ಹೋಗಿದ್ದಾರೆ’, ‘ಕೂಲಿಗೆ ಹೋದ್ರು’, ‘ಡ್ಯೂಟಿಗೆ ಹೊರಟ್ರು’. ಚತುರ್ಥಿ ವಿಭಕ್ತಿಯೊಂದು ಅಂಟಿಕೊಂಡರೆ ಸಾಕು, ಕೆಲಸವೇ ಹೋಗಿ ಮುಟ್ಟುವ ಊರಾಗುತ್ತದೆ.

ಬಿಡಿಬಿಡಿಯಾಗಿ ಹೆಸರು ಬೇಕಾದಾಗ ಜನ ಅದನ್ನು ಎತ್ತಿಕೊಂಡದ್ದು ಕೈಗೆ ಹತ್ತಿರವಿದ್ದ ವಸ್ತುವಿನಿಂದ: ಗಾಣ, ಮಗ್ಗ, ಒಲೆ, ಕಟ್ಟೆ. ಕೆಲಸ ಮನೆಯಿಂದ ಹೊರಬಿದ್ದು ಬೇರೆಯವರ ಕೈಗೆ ಹೋದಾಗ ಆ ಬೇರೆಯವರ ನುಡಿಯ ಹೆಸರೂ ಜೊತೆಗೆ ಬಂತು. ಹಾಗಾಗಿ ಈ ಪದಗಳನ್ನು ಸಾಲಾಗಿ ಇಟ್ಟು ನೋಡಿದರೆ ಕರ್ನಾಟಕದಲ್ಲಿ ಯಾವ ಕಾಲಕ್ಕೆ ಯಾರು ಕೆಲಸ ಕೊಟ್ಟರು ಎಂಬುದು ಸಾಕಷ್ಟು ತಿಳಿಯುತ್ತದೆ.

ಹೊಲ, ಗದ್ದೆ, ಕಣ

ಬೇಸಾಯದ ಪದಗಳು ಅತ್ಯಂತ ಹಳೆಯವು, ಅತ್ಯಂತ ಸೂಕ್ಷ್ಮವಾದವೂ ಹೌದು. ನೀರು ನಿಲ್ಲುವುದು ಗದ್ದೆ, ಮಳೆ ನಂಬಿದ್ದು ಹೊಲ. ದಕ್ಷಿಣ ಕನ್ನಡ, ಉಡುಪಿಯ ಕಡೆ ಗದ್ದೆಯಲ್ಲೇ ಮೂರು ಬಗೆ: ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು. ಯಾವುದರಲ್ಲಿ ಎಷ್ಟು ಬೆಳೆ ತೆಗೆಯಬಹುದು ಎಂಬುದು ಹೆಸರಿನಲ್ಲೇ ಗೊತ್ತಾಗುತ್ತದೆ. ‘ತೋಟ’ ಮಾತ್ರ ಊರಿಗೊಂದು ಅರ್ಥದ ಪದ. ಶಿರಸಿ, ಸಾಗರದಲ್ಲಿ ತೋಟ ಎಂದರೆ ಅಡಿಕೆ ತೋಟವೇ. ಚಿಕ್ಕಮಗಳೂರು, ಕೊಡಗಿನಲ್ಲಿ ಕಾಫಿ. ಬೆಳಗಾವಿ, ವಿಜಯಪುರದ ಕಡೆ ನೀರಾವರಿ ಇರುವ ಹೊಲ ತೋಟವಾಗುತ್ತದೆ. ರೈತರು ಅಲ್ಲೇ ಮನೆ ಕಟ್ಟಿಕೊಂಡು ನೆಲೆಸಿದರೆ ಅದು ತೋಟದ ವಸ್ತಿ. ಕಾಫಿ ತೋಟ ದೊಡ್ಡದಾಗಿ ಯುರೋಪಿಯನ್ನರ ಕೈಗೆ ಬಂದಾಗ ಎಸ್ಟೇಟಾಯಿತು. ಅದರ ಜೊತೆಗೆ ರೈಟರು, ಲೈನ್ ಮನೆ, ಪೋರ್ಚುಗೀಸ್ ಮೂಲದ ಮೇಸ್ತ್ರಿ ಎಲ್ಲ ಸೇರಿಕೊಂಡರು. ಲೈನ್ ಮನೆಯಲ್ಲಿ ವಾಸಿಸುವವರು ಇಂದಿಗೂ ‘ತೋಟದಲ್ಲಿದ್ದೀವಿ’ ಎನ್ನುವುದಕ್ಕಿಂತ ‘ಲೈನಲ್ಲಿದ್ದೀವಿ’ ಎನ್ನುವುದೇ ಹೆಚ್ಚು.

ಕಣ ವರ್ಷಕ್ಕೊಮ್ಮೆ ಹುಟ್ಟಿ ಅಳಿಯುವ ಜಾಗ. ಸುಗ್ಗಿಗೆ ಮುಂಚೆ ನೆಲ ಕೆತ್ತಿ, ನೀರು ಹೊಡೆದು, ಗಟ್ಟಿಸಿ, ಸಗಣಿ ಸಾರಿಸಿ ಅಣಿ ಮಾಡುತ್ತಾರೆ. ನಡುವೆ ಮೇಟಿ ಕಂಬ ನೆಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಆ ಕಂಬದ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆ ತುಳಿಸುವುದು ಹಂತಿ. ರಾತ್ರಿಯಿಡೀ ನಡೆಯುವ ಆ ಕೆಲಸಕ್ಕೆ ನಿದ್ದೆ ಬಾರದಂತೆ ಹಾಡಿದವು ಹಂತಿ ಪದಗಳು. ತುಳಿಸಿ, ತೂರಿ, ರಾಶಿ ಮಾಡಿ, ಪೂಜೆ ಮಾಡಿ ಧಾನ್ಯ ಅಳೆದ ಮೇಲೆ ಕಣಕ್ಕೆ ಬೆಲೆಯಿಲ್ಲ. ಒಕ್ಕಣೆ ಯಂತ್ರ ಬಂದ ಮೇಲೆ ಕಣ ಮಾಡುವವರು ಕಡಿಮೆಯಾದರು. ಹುರುಳಿ, ರಾಗಿಯನ್ನು ಡಾಂಬರು ರಸ್ತೆಗೆ ಹರಡಿ ವಾಹನಗಳಿಂದಲೇ ಒಕ್ಕಿಸುವ ರೂಢಿ ಹಳೇ ಮೈಸೂರಿನ ಉದ್ದಕ್ಕೂ ಇದೆ. ಬೈಕ್ ಸವಾರರು ಜಾರಿ ಬೀಳುತ್ತಾರೆಂದು ಪ್ರತಿವರ್ಷ ಎಚ್ಚರಿಕೆ ಕೊಡುತ್ತಾರೆ, ಪ್ರತಿವರ್ಷ ರಸ್ತೆ ಕಣವಾಗುತ್ತದೆ. ಪದವಂತೂ ನಗರ ಸೇರಿಬಿಟ್ಟಿದೆ. ಚುನಾವಣೆ ಬಂದಾಗ ಪತ್ರಿಕೆಗಳ ಮುಖಪುಟದಲ್ಲಿ ಕಣವೇ ಕಣ.

ಮನೆ, ಸಾಲೆ, ಕಟ್ಟೆ

ಕಸುಬಿನ ಜಾಗಗಳ ಹಳೆಯ ಹೆಸರುಗಳಲ್ಲಿ ‘ಮನೆ’ ಮತ್ತೆ ಮತ್ತೆ ಬರುತ್ತದೆ: ಮಗ್ಗದ ಮನೆ, ಗಾಣದ ಮನೆ, ರೇಷ್ಮೆ ಹುಳದ ಮನೆ, ಆಲೆಮನೆ. ಬಹುಪಾಲು ಸಂದರ್ಭದಲ್ಲಿ ಅದು ನಿಜವಾದ ಮನೆಯೇ. ಇಳಕಲ್ಲಿನ ಕುಣಿ ಮಗ್ಗ ನೇಕಾರರ ವಾಸದ ಮನೆಯ ನೆಲದಲ್ಲೇ ತೋಡಿದ್ದು. ನೇಯುವವರು ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುತ್ತಾರೆ, ಪಕ್ಕದಲ್ಲೇ ಅಡುಗೆ, ಮಕ್ಕಳು, ಕಂಡಿಕೆ ಸುತ್ತುವ ಅಜ್ಜಿ. ರಾಮನಗರ, ಚಿಕ್ಕಬಳ್ಳಾಪುರದ ಕಡೆ ಹುಳ ಸಾಕುವವರಲ್ಲಿ ಎಷ್ಟೋ ಮಂದಿಗೆ ಬೇರೆ ಹುಳದ ಮನೆ ಇರಲಿಲ್ಲ. ಹುಳ ಹಣ್ಣಾಗುವ ಹೊತ್ತಿಗೆ ತಟ್ಟೆ, ಚಂದ್ರಿಕೆಗಳು ಪಡಸಾಲೆಯನ್ನೆಲ್ಲ ಆಕ್ರಮಿಸಿ ಮನೆಯವರೇ ಜಗಲಿಯಲ್ಲಿ ಮಲಗಬೇಕಾಗುತ್ತಿತ್ತು.

ಆಲೆಮನೆಯಲ್ಲಿ ಮಾತ್ರ ಯಾರೂ ವಾಸ ಮಾಡುವುದಿಲ್ಲ. ಆಲೆ ಎಂದರೆ ಕಬ್ಬು ಅರೆಯುವ ಗಾಣ. ಮಂಡ್ಯ, ಮದ್ದೂರು, ಪಾಂಡವಪುರದ ಆಲೆಮನೆಗಳು ಶೀಟು ಹೊದೆಸಿದ, ಗೋಡೆ ಅರ್ಧಂಬರ್ಧ ಇರುವ ಕಟ್ಟಡಗಳು. ಹೊರಗೆ ಕಬ್ಬಿನ ಸಿಪ್ಪೆ ಒಣಗಲು ಹರಡಿರುತ್ತದೆ; ಒಲೆಗೆ ಅದೇ ಉರುವಲು. ಒಳಗೆ ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿರುತ್ತದೆ. ಕಬ್ಬಿನ ರಸಕ್ಕೆ ಅಲ್ಲಿ ‘ಹಾಲು’ ಎಂದೇ ಹೆಸರು. ಸುಣ್ಣ ಹಾಕಿ ಮಡ್ಡಿ ತೆಗೆದ ಮೇಲೆ ಪಾಕ ಏರುವುದನ್ನು ನೋಡಿಕೊಳ್ಳುವವನದೇ ಅಲ್ಲಿ ಕೊನೆಯ ಮಾತು. ಥರ್ಮಾಮೀಟರ್ ಇರುವುದಿಲ್ಲ; ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹಿಸುಕಿ ಹದ ಹೇಳುತ್ತಾನೆ. ಅವನು ‘ಇಳಿಸಿ’ ಎಂದಾಗ ಕೊಪ್ಪರಿಗೆ ಇಳಿಯುತ್ತದೆ, ಬೆಲ್ಲ ಅಚ್ಚಿಗೆ ಹೋಗುತ್ತದೆ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಸ್ಥಾಪನೆಯಾದ ಮೇಲೂ ಆಲೆಮನೆ ಅಳಿಯಲಿಲ್ಲ. ಕಾರ್ಖಾನೆ ಕಬ್ಬು ಕೊಳ್ಳಲು ತಡಮಾಡಿದಾಗಲೆಲ್ಲ ರೈತ ಆಲೆಮನೆ ಕಡೆ ಗಾಡಿ ತಿರುಗಿಸುತ್ತಾನೆ. ಮಲೆನಾಡಿನ ಆಲೆಮನೆ ಬೇರೆ ಜಾತಿಯದು. ಕೆಲವು ವಾರಗಳಿಗೆಂದು ಹಾಕಿದ ಚಪ್ಪರ, ಹಿಂದೆ ಕೋಣ ಕಟ್ಟಿ ತಿರುಗಿಸುತ್ತಿದ್ದ ಗಾಣ, ಜೋನಿ ಬೆಲ್ಲ, ನೊರೆಬೆಲ್ಲ, ಬಂದವರಿಗೆಲ್ಲ ತಂಬಿಗೆ ತುಂಬ ಹಾಲು. ಈಗ ಶಿರಸಿ, ಸಿದ್ದಾಪುರದ ಕಡೆ ‘ಆಲೆಮನೆ ಹಬ್ಬ’ಗಳು ನಡೆಯುತ್ತವೆ, ದುಡಿಯುವ ಜಾಗವೊಂದು ನೋಡಲು ಹೋಗುವ ಜಾಗವಾಗಿದೆ.

ಗಾಣ ಮತ್ತು ಮಗ್ಗ ಉಪಕರಣಗಳು. ಅವು ಇದ್ದ ಜಾಗಕ್ಕೂ ಅವೇ ಹೆಸರು ನಿಲ್ಲಲು ಆಳುವವರೂ ಕಾರಣರಿರಬೇಕು. ನಮ್ಮ ಶಾಸನಗಳಲ್ಲಿ ಗಾಣದೆರೆ, ಮಗ್ಗದೆರೆಗಳ ಉಲ್ಲೇಖ ಸಾಮಾನ್ಯ. ತೆರಿಗೆ ಲೆಕ್ಕದವನು ಎಣಿಸಿದ್ದು ಊರಲ್ಲಿ ಎಷ್ಟು ಗಾಣ ತಿರುಗುತ್ತಿವೆ, ಎಷ್ಟು ಮಗ್ಗ ಆಡುತ್ತಿವೆ ಎಂಬುದನ್ನೇ.

ಸಂಸ್ಕೃತದ ಶಾಲೆ ಕನ್ನಡಕ್ಕೆ ‘ಸಾಲೆ’ಯಾಗಿ ಬಂದದ್ದು ಪಾಠಕ್ಕಷ್ಟೇ ಅಲ್ಲ. ಕಮ್ಮಾರಸಾಲೆ, ನಾಣ್ಯ ಹೊಡೆಯುವ ಟಂಕಸಾಲೆ, ಚಿನ್ನ ಬೆಳ್ಳಿ ಕೆಲಸದ ಅಕ್ಕಸಾಲೆ ಎಲ್ಲವೂ ಆ ಬಳಗದವು. ಅಕ್ಕಸಾಲೆ ಕಾಲಾನಂತರ ಅಲ್ಲಿ ಕೂತು ಕೆಲಸ ಮಾಡುವವನ ಹೆಸರೇ ಆಯಿತು. ಟಂಕಸಾಲೆಗೆ ಕನ್ನಡದಲ್ಲಿ ಇನ್ನೊಂದು ಹೆಸರು ಕಮ್ಮಟ. ನಾಣ್ಯ ಹೊಡೆಯುವುದು ನಿಂತಮೇಲೆ ಆ ಪದ ಕೆಲಸವಿಲ್ಲದೆ ಕೂತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಸಾಹಿತಿಗಳು ಅದನ್ನು ಎತ್ತಿಕೊಂಡರು: ಕಥಾ ಕಮ್ಮಟ, ಕಾವ್ಯ ಕಮ್ಮಟ. ಸರ್ಕಾರಿ ಇಲಾಖೆಗಳು ಇದೇ ಅರ್ಥಕ್ಕೆ ‘ಕಾರ್ಯಾಗಾರ’ ಎನ್ನುತ್ತವೆ. ಎರಡರಲ್ಲಿ ಕಮ್ಮಟವೇ ಜೀವಂತ ಪದ. ಕಾರ್ಯಾಗಾರ ಎಂದ ಕೂಡಲೇ ಬ್ಯಾನರು, ಉದ್ಘಾಟನೆ, ಊಟದ ನಂತರದ ತೂಕಡಿಕೆ ನೆನಪಾಗುತ್ತವೆ.

ಸಾಲೆ, ಆಲಯದಂಥ ಗೌರವದ ಅಂತ್ಯಪದಗಳು ಎಲ್ಲ ಕಸುಬಿಗೂ ಸಿಗಲಿಲ್ಲ. ಕುಂಬಾರನ ಆವಿಗೆ, ಅಗಸರ ಕಟ್ಟೆ, ಸುಣ್ಣದ ಗೂಡು ಇವಕ್ಕೆ ಸಾಲೆಯೂ ಇಲ್ಲ, ಆಲಯವೂ ಇಲ್ಲ. ತೊಗಲು ಹದ ಮಾಡುವ ಜಾಗಕ್ಕೆ ಮೇಲುಜಾತಿಯ ಬರವಣಿಗೆಯಲ್ಲಿ ಹೆಸರೇ ಅಪರೂಪ. ಅದನ್ನು ಕೇರಿಯ ಹೆಸರಿನಲ್ಲೇ ಮುಗಿಸಿಬಿಡುತ್ತಿದ್ದರು. ಬೆಂಗಳೂರಿನಲ್ಲಿ ಆ ಕೆಲಸಕ್ಕೆ ಊರೆಲ್ಲ ಬಲ್ಲ ಗುರುತು ಬಂದದ್ದು ಟ್ಯಾನರಿ ರಸ್ತೆ ಎಂಬ ಇಂಗ್ಲಿಷ್ ಹೆಸರಿನಿಂದ. ಅದೇ ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕಸುಬು ಮತ್ತು ಸರಕುಗಳ ನಕ್ಷೆಯೇ ಉಳಿದಿದೆ: ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ.

ಚಾವಡಿಯಿಂದ ಸೌಧದವರೆಗೆ

ಬರೆಯುವ, ಲೆಕ್ಕ ಇಡುವ, ಅರ್ಜಿ ತೆಗೆದುಕೊಳ್ಳುವ ಜಾಗದ ಹಳೆಯ ಹೆಸರು ಚಾವಡಿ. ಊರ ಚಾವಡಿಯಲ್ಲಿ ಶಾನುಭೋಗ, ಪಟೇಲರು ಕೂರುತ್ತಿದ್ದರು. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ಅರಮನೆಯ ದನಗಳ ಇಲಾಖೆ ಆಗ ಬೆಣ್ಣೆ ಚಾವಡಿ. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ದನದ ತಳಿಗೆ ಇಂದಿಗೂ ಆ ಹೆಸರೇ. ಹಿಂದೂಸ್ತಾನಿ, ಮರಾಠಿ ಆಡಳಿತದ ದಾರಿಯಲ್ಲಿ ಬಂದ ಕಚೇರಿ ಕ್ರಮೇಣ ಚಾವಡಿಯನ್ನು ಹಳ್ಳಿಗೆ ಒತ್ತಿತು. ಬೆಂಗಳೂರಿನಲ್ಲಿ 1868ರಲ್ಲಿ ಮುಗಿದ ಕೆಂಪು ಕಟ್ಟಡದಲ್ಲಿ ಹದಿನೆಂಟು ಇಲಾಖೆಗಳಿದ್ದುದರಿಂದ ಅದು ಅಠಾರಾ ಕಚೇರಿ. ಈಗ ಅಲ್ಲಿ ಹೈಕೋರ್ಟಿದೆ. ಕಚೇರಿಗೆ ಕನ್ನಡದಲ್ಲಿ ಇನ್ನೊಂದು ಒಳ್ಳೆಯ ಬಾಳೂ ಸಿಕ್ಕಿದೆ: ಸಂಗೀತ ಕಚೇರಿ.

1956ರ ಏಕೀಕರಣದಲ್ಲಿ ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗುಗಳ ಆಡಳಿತ ಪದಗಳು ಒಂದೇ ಸೂರಿನಡಿ ಬಂದವು. ಮೈಸೂರಿನ ಅಮಲ್ದಾರ, ಮುಂಬಯಿ ಸೀಮೆಯ ಮಾಮಲೇದಾರ ಇಬ್ಬರೂ ತಹಶೀಲ್ದಾರರಾದರು. ಕರಾವಳಿಯ ಹಿರಿಯರ ಬಾಯಲ್ಲಿ ಜಿಲ್ಲಾಧಿಕಾರಿಯವರ ಕಚೇರಿ ಕಲೆಕ್ಟರ್ ಕಚೇರಿಯಾಗಿಯೇ ಬಹಳ ಕಾಲ ಉಳಿಯಿತು. ಅದೇ 1956ರಲ್ಲಿ ವಿಧಾನಸೌಧ ಸಿದ್ಧವಾಯಿತು. ಅದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಮುಂಭಾಗದಲ್ಲಿ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿಸಿದರು. ಅಲ್ಲಿಂದ ಸೌಧಗಳಿಗೆ ಬರವಿಲ್ಲ. 2005ರಲ್ಲಿ ವಿಕಾಸಸೌಧ, 2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ, ತಾಲ್ಲೂಕುಗಳಲ್ಲಿ ಮಿನಿ ವಿಧಾನಸೌಧ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಓಡಾಡುವವರಿಗೆ ಅದು ತಾಲ್ಲೂಕಾಫೀಸು, ಹೋಬಳಿಯಲ್ಲಾದರೆ ನಾಡಕಚೇರಿ. ಸೌಧ ಫಲಕದ ಮೇಲಷ್ಟೇ.

ಖಾನೆ, ಗಿರಣಿ, ಭಟ್ಟಿ

ಪಾರಸಿಯ ‘ಖಾನೆ’ ಕನ್ನಡಕ್ಕೆ ಬಹಳ ಕೆಲಸ ಮಾಡಿಕೊಟ್ಟಿದೆ. ಕಾರ್ಖಾನೆ, ದವಾಖಾನೆ, ಛಾಪಖಾನೆ, ಕಸಾಯಿಖಾನೆ, ಗಾಡಿಖಾನೆ. ಪಾರಸಿಯಲ್ಲಿ ‘ಖಾನಾ’ ಎಂದರೂ ಮನೆಯೇ. ಕೃಷ್ಣೆ, ಮಲಪ್ರಭೆಯ ಕಡೆ ಆಸ್ಪತ್ರೆಗೆ ದವಾಖಾನೆ ಎನ್ನುವುದೇ ಸಹಜ. ಹಳೇ ಮೈಸೂರಿನಲ್ಲಿ ಆ ಪದ ಹಳೆಯದಾಯಿತು. ಅಚ್ಚು ಹಾಕುವ ಜಾಗಕ್ಕಂತೂ ನಾಲ್ಕು ಹೆಸರು: ಅಚ್ಚುಕೂಟ, ಛಾಪಖಾನೆ, ಮುದ್ರಣಾಲಯ, ಪ್ರೆಸ್ಸು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ ಆರಂಭವಾದದ್ದು 1841ರಲ್ಲಿ; ಹರ್ಮನ್ ಮೋಗ್ಲಿಂಗ್ ಅಲ್ಲಿಂದಲೇ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ. ಹಳೆಯ ಪುಸ್ತಕಗಳ ಮೊದಲ ಪುಟದಲ್ಲಿ ಕಾಣುವ ‘ಅಚ್ಚುಕೂಟ’ ನಾಲ್ಕರಲ್ಲಿ ಅಪ್ಪಟ ಕನ್ನಡದ್ದು, ಮೊದಲು ಮರೆಯಾದದ್ದೂ ಅದೇ. ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು ತಮ್ಮ ಜಾಗವನ್ನು ಪ್ರೆಸ್ಸು ಎಂದೇ ಕರೆದರು; ಮುದ್ರಣಾಲಯ ಎಂದು ಅವರೇ ಜೋಡಿಸಿದ್ದು ಮೊದಲ ಪುಟಕ್ಕೆ ಮಾತ್ರ.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಕರಾವಳಿಯಲ್ಲಿ ಸಂಬಳದ ಆಳಾಗಿ ಗಂಟೆ ಹೊಡೆದಾಗ ಒಳಗೆ ಹೋಗಿ ಗಂಟೆ ಹೊಡೆದಾಗ ಹೊರಬರುವ ಬದುಕನ್ನು ಹಲವರು ಮೊದಲು ಕಂಡದ್ದು ಇಂಥ ಜಾಗಗಳಲ್ಲಿ. ಹುಬ್ಬಳ್ಳಿ, ಗದಗ, ಗೋಕಾಕದ ಕಡೆ ಮಿಲ್ಲಿಗೆ ಮರಾಠಿಯಿಂದ ಬಂದ ಗಿರಣಿ ಎಂಬ ಹೆಸರು ನಿಂತಿತು. ನೂಲಿನ ಗಿರಣಿಯೂ ಗಿರಣಿ, ಓಣಿಯ ಮೂಲೆಯ ಹಿಟ್ಟಿನದೂ ಗಿರಣಿ. ಸರಕು ಪೇರಿಸಿಡುವ ಜಾಗ ಅಲ್ಲಿ ವಖಾರ, ದಕ್ಷಿಣದಲ್ಲಿ ಉಗ್ರಾಣ ಅಥವಾ ಗೋಡೌನು. ಬೆಂಗಳೂರಿನಲ್ಲಿ ಮಿಲ್ಲು ಮಿಲ್ಲಾಗಿಯೇ ಉಳಿಯಿತು. ಬಿನ್ನಿಮಿಲ್ ಈಗ ಬಸ್ ಸ್ಟಾಪು. ಮಲ್ಲೇಶ್ವರದ ರಾಜಾ ಮಿಲ್ ಇದ್ದ ಜಾಗದಲ್ಲಿ ಮಾಲ್ ಎದ್ದಿದೆ.

ಭಟ್ಟಿ ಬೆಂಕಿಯ ಜಾಗ. ಉತ್ತರದಲ್ಲಿ ಇಟ್ಟಂಗಿ ಭಟ್ಟಿ, ದಕ್ಷಿಣದಲ್ಲಿ ಅದೇ ಇಟ್ಟಿಗೆ ಗೂಡು. ಭಟ್ಟಿ ಎಂದರೆ ದಾವಣಗೆರೆಯವರಿಗೆ ನೆನಪಾಗುವುದು ಮಂಡಕ್ಕಿ. ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ಬಿಡಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದಾಗ ಮಂಡಕ್ಕಿ ಅರಳುತ್ತದೆ. ಭಟ್ಟಿಯೊಳಗಿನ ಹೊಗೆ, ಬೂದಿ, ಬಿಸಿ ಹೊರಗೆ ಮಿರ್ಚಿ ಜೊತೆ ತಿನ್ನುವವನಿಗೆ ಗೊತ್ತಾಗುವುದಿಲ್ಲ.

ನೆಲದಡಿಯ ಕೆಲಸಕ್ಕೆ ಗಣಿ, ಕಲಬುರಗಿ ಕಡೆ ಖಣಿ, ಕರಾವಳಿಯ ಕೆಂಪುಕಲ್ಲಿಗೆ ಕೋರೆ. ಕೋಲಾರದ ಚಿನ್ನದ ಗಣಿಯನ್ನು ಜಾನ್ ಟೇಲರ್ ಕಂಪನಿ 1880ರಲ್ಲಿ ಹಿಡಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. 2001ರ ಫೆಬ್ರವರಿ 28ರಂದು ಗಣಿ ಬಾಗಿಲು ಹಾಕಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಲ್ಲಿ ದುಡಿದವರ ಮಕ್ಕಳಲ್ಲಿ ಸಾವಿರಾರು ಮಂದಿ ಈಗ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಬರುತ್ತಾರೆ.

ಬ್ರಾಂಚು, ದಕ್ಕೆ, ಚೌಕಿ

ಕರಾವಳಿಯ ಮೂರು ಪದಗಳಿಗೆ ಬೇರೆಯೇ ಜಾಗ ಕೊಡಬೇಕು. ಮೊದಲನೆಯದು ಬೀಡಿ ಬ್ರಾಂಚು. ದಕ್ಷಿಣ ಕನ್ನಡ, ಉಡುಪಿಯ ಹಳ್ಳಿಗಳಲ್ಲಿ ಹೆಂಗಸರು ಬೀಡಿ ಕಟ್ಟುವುದು ಮನೆಯ ಜಗಲಿಯಲ್ಲಿ, ಮಡಿಲಲ್ಲಿ ಮೊರ ಇಟ್ಟುಕೊಂಡು. ಎಲೆ, ತಂಬಾಕು ತರುವುದಕ್ಕೂ ಕಟ್ಟಿದ್ದನ್ನು ಒಪ್ಪಿಸುವುದಕ್ಕೂ ಹೋಗುವ ಪುಟ್ಟ ಕೋಣೆ ಬ್ರಾಂಚು. ಸಾವಿರಕ್ಕೆ ಇಷ್ಟು ಎಂದು ಮಜೂರಿ. ಎಲೆ ಕಡಿಮೆ ಬಂದರೂ ಬೀಡಿ ತಳ್ಳಿಹಾಕಿದರೂ ನಷ್ಟ ಕಟ್ಟಿದವಳದೇ. ದುಡಿಮೆ ನಡೆಯುವ ಜಗಲಿಗೆ ದುಡಿಯುವ ಜಾಗವೆಂಬ ಹೆಸರಿಲ್ಲ, ಅರ್ಧ ಗಂಟೆ ಸಾಲಿನಲ್ಲಿ ನಿಲ್ಲುವ ಕೋಣೆಗೆ ಇದೆ. ಬೀಡಿ ಮತ್ತು ಸಿಗಾರ್ ಕೆಲಸಗಾರರ 1966ರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕೆಲಸಗಾರರೆಂದು ಒಪ್ಪಿಕೊಂಡಿತು. ಮದುವೆ ಮಾತುಕತೆಯಲ್ಲಿ ಹುಡುಗಿಗೆ ಬ್ರಾಂಚಿನಲ್ಲಿ ಕಾರ್ಡು ಇದೆಯೇ ಎಂದು ಕೇಳುತ್ತಿದ್ದ ಕಾಲವೂ ಇತ್ತು.

ದಕ್ಕೆ ಎಂದರೆ ಮೀನಿನ ಬೋಟು ಹತ್ತುವ ಕಟ್ಟೆ. ಮಲ್ಪೆ, ಮಂಗಳೂರಿನಲ್ಲಿ ‘ದಕ್ಕೆಗೆ ಹೋಗಿದ್ದಾರೆ’ ಎಂದರೆ ಬೋಟಿನವರು, ಏಲಂ ಕೂಗುವವರು, ಬುಟ್ಟಿ ಹೊರುವವರು, ಐಸು ಒಡೆಯುವವರು ಯಾರೂ ಆಗಿರಬಹುದು. ಸರ್ಕಾರ ಅದನ್ನು ಬಂದರು ಎನ್ನುತ್ತದೆ.

ಚೌಕಿ ಉತ್ತರ ಕರ್ನಾಟಕದಲ್ಲಿ ಪೊಲೀಸರದು. ಯಕ್ಷಗಾನದಲ್ಲಿ ಅದು ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗ. ಮೇಳದ ದೇವರ ಮುಂದೆ ಚೌಕಿ ಪೂಜೆಯಾಗದೆ ಆಟ ಶುರುವಾಗುವುದಿಲ್ಲ. ಯಾವ ವೇಷಧಾರಿ ಎಲ್ಲಿ ಕೂರಬೇಕು, ಯಾರ ಪೆಟ್ಟಿಗೆ ಯಾವ ಕಡೆ ಎಂಬುದಕ್ಕೆ ಕ್ರಮವಿದೆ. ಹೊಸಬ ಬಂದರೆ ರಂಗಸ್ಥಳಕ್ಕಿಂತ ಮೊದಲು ಕಲಿಯಬೇಕಾದ್ದು ಚೌಕಿಯ ಶಿಸ್ತನ್ನು. ಬಯಲುಸೀಮೆಯ ಕಂಪನಿ ನಾಟಕದವರಿಗೆ ಇದಕ್ಕೆ ಸಮನಾದ ಪದ ಕ್ಯಾಂಪು. ಟೆಂಟು ಹಾಕಿದ ಊರೇ ಅವರಿಗೆ ಆ ತಿಂಗಳ ಕೆಲಸದ ಜಾಗ.

ಊರಿನ ಹೆಸರೇ ಕೆಲಸದ ಹೆಸರಾಗುವುದು ವಲಸೆ ಹೆಚ್ಚಿರುವ ಕಡೆಯೆಲ್ಲ ಇದೆ. ಕುಂದಾಪುರದವರಿಗೆ ‘ಘಟ್ಟಕ್ಕೆ ಹೋದ’ ಎಂದರೆ ಕಾಫಿ ತೋಟದ ಇಲ್ಲವೇ ಹೋಟೆಲಿನ ಕೆಲಸ, ‘ಬೊಂಬಾಯಿಗೆ ಹೋದ’ ಎಂದರೆ ಬಹುಮಟ್ಟಿಗೆ ಹೋಟ್ಲು, ಆಮೇಲಿನ ತಲೆಮಾರಿಗೆ ‘ಗಲ್ಫು’. ರಾಯಚೂರು, ಕೊಪ್ಪಳ, ಯಾದಗಿರಿಯವರ ‘ಗುಳೆ’ಗೆ ಊರೂ ಗೊತ್ತಿರುವುದಿಲ್ಲ, ಮೇಸ್ತ್ರಿ ಲಾರಿ ಎಲ್ಲಿ ನಿಲ್ಲಿಸುತ್ತಾನೋ ಅಲ್ಲಿ.

ಬೆಂಗಳೂರಿನ ಹೊಸ ಪದಗಳು

ಎಚ್‌ಎಎಲ್ (1940), ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಬಂದ ಮೇಲೆ ಬೆಂಗಳೂರಿನಲ್ಲಿ ‘ಫ್ಯಾಕ್ಟರಿ’ ಒಂದು ಅಂತಸ್ತಿನ ಮಾತಾಯಿತು. ‘ಅಳಿಯ ಫ್ಯಾಕ್ಟರೀಲಿದ್ದಾರೆ’ ಎಂದರೆ ಕ್ವಾರ್ಟರ್ಸು, ಕ್ಯಾಂಟೀನು, ಶಿಫ್ಟಿನ ಬಸ್ಸು ಎಲ್ಲ ಅದರಲ್ಲೇ ಬಂತು. ಸಣ್ಣ ಖಾಸಗಿ ಘಟಕಕ್ಕೆ ಆ ತೂಕ ಇರಲಿಲ್ಲ, ಅದು ಬರೀ ‘ಕಂಪನಿ’. ಪೀಣ್ಯದಲ್ಲಿ ಇಂದಿಗೂ ಕಂಪನಿಗಳೇ.

ಗಾರ್ಮೆಂಟ್ಸ್ ಇವೆಲ್ಲಕ್ಕಿಂತ ಕುತೂಹಲದ ಪದ. ಮೈಸೂರು ರಸ್ತೆ, ಹೊಸೂರು ರಸ್ತೆ, ಪೀಣ್ಯದ ಸಿದ್ಧ ಉಡುಪಿನ ಘಟಕಗಳಿಗೆ ಹೋಗುವ ಹೆಂಗಸರು ‘ಗಾರ್ಮೆಂಟ್ಸ್‌ಗೆ ಹೋಗ್ತೀನಿ’ ಎನ್ನುತ್ತಾರೆ. ಅವರು ಹೊಲಿಯುವ ಬಟ್ಟೆ ಇಲ್ಲಿ ಮಾರಾಟಕ್ಕೆ ಬರುವುದು ಕಡಿಮೆ, ಬಟ್ಟೆಯ ಇಂಗ್ಲಿಷ್ ಹೆಸರು ಮಾತ್ರ ಜಾಗದ ಹೆಸರಾಗಿ ಉಳಿಯಿತು. ಒಳಗೆ ಲೈನು, ಬ್ಯಾಚು, ಪೀಸು, ಟಾರ್ಗೆಟ್ಟು. ಒಬ್ಬಾಕೆ ದಿನವಿಡೀ ಕಾಲರ್ ಮಾತ್ರ ಕೂರಿಸುತ್ತಾಳೆ, ಪಕ್ಕದವಳು ಜೇಬು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ನಿಯಮ ಬದಲಾವಣೆ ವಿರೋಧಿಸಿ ಇವರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದಾಗ ಪತ್ರಿಕೆಗಳು ‘ಗಾರ್ಮೆಂಟ್ಸ್ ನೌಕರರು’ ಎಂದೇ ಬರೆದವು. ಸಿದ್ಧ ಉಡುಪು ಕಾರ್ಮಿಕರು ಎಂದು ಬರೆದಿದ್ದರೆ ಓದುಗರು ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು.

ಕಂಪ್ಯೂಟರಿನ ಮುಂದೆ ಕೂರುವವರ ಜಾಗಕ್ಕೆ ಟೆಕ್ ಪಾರ್ಕು, ಕ್ಯಾಂಪಸ್ಸು ಎಂಬ ಹೆಸರುಗಳು. ಒಂದು ಉದ್ಯಾನದಿಂದ, ಇನ್ನೊಂದು ಕಾಲೇಜಿನಿಂದ ಕಡ ತಂದದ್ದು. ಆರ್.ಕೆ. ಬಾಳಿಗ ಅವರ ಮುಂದಾಳತ್ವದಲ್ಲಿ ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ 1970ರ ದಶಕದ ಕೊನೆಗೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ರೂಪಿಸಿದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ. ಅಗ್ರಹಾರವೂ ಓದುಬರಹ ಬಲ್ಲವರನ್ನು ಭೂಮಿ ಕೊಟ್ಟು ಕೂರಿಸಿದ ಜಾಗವೇ. ಈ ಹೋಲಿಕೆಯನ್ನು ಬಹಳ ದೂರ ಎಳೆಯಬೇಕಾಗಿಲ್ಲ, ಆದರೆ ಗಮನಿಸಬಹುದು.

ಇದೇ ನಗರದಲ್ಲಿ ಪೌರಕಾರ್ಮಿಕರು ಬೆಳಕು ಹರಿಯುವ ಮುನ್ನ ಹಾಜರಿ ಹಾಕುವ ರಸ್ತೆ ಮೂಲೆಗೆ ಮಸ್ಟರಿಂಗ್ ಪಾಯಿಂಟ್ ಎಂದು ಹೆಸರು. ಹಲವು ಕಡೆ ಅಲ್ಲಿ ಬೆಂಚಾಗಲಿ ಶೌಚಾಲಯವಾಗಲಿ ಇಲ್ಲ. ಮನೆಕೆಲಸದವರು ತಮ್ಮ ಕೆಲಸದ ಜಾಗಕ್ಕೆ ‘ಮನೆ’ ಎಂದೇ ಅನ್ನುತ್ತಾರೆ: ‘ಆ ಮನೆ ಬಿಟ್ಟೆ, ಈ ತಿಂಗಳಿಂದ ಬೇರೆ ಮನೆ ಹಿಡಿದಿದ್ದೀನಿ’. ಯಾರ ಮನೆ ಎಂಬುದನ್ನು ಕೇಳುವವರೇ ಅರಿತುಕೊಳ್ಳಬೇಕು.

ಕಾಯ್ದೆಯಲ್ಲಿ

1948ರ ಕಾರ್ಖಾನೆಗಳ ಕಾಯ್ದೆ ವಿದ್ಯುತ್ ಬಳಸುವ ಕಡೆ 10, ಬಳಸದ ಕಡೆ 20 ಕೆಲಸಗಾರರಿದ್ದರೆ ಕಾರ್ಖಾನೆ ಎಂದು ಗೆರೆ ಎಳೆಯಿತು. ಒಂಬತ್ತು ಜನರ ವರ್ಕ್‌ಶಾಪಿಗೆ ಎಷ್ಟೇ ಸದ್ದು ಹೊಗೆ ಇದ್ದರೂ ಆ ಹೆಸರು ದಕ್ಕಲಿಲ್ಲ. ಅಂಗಡಿ, ಹೋಟೆಲು, ಆಫೀಸುಗಳನ್ನು ಕರ್ನಾಟಕದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಬೇರೆಯಾಗಿ ನೋಡಿಕೊಂಡಿತು. ‘ಕೆಲಸದ ಸ್ಥಳ’ ಎಂಬ ಮಾತಿಗೆ ಅತ್ಯಂತ ಅಗಲವಾದ ಅರ್ಥ ಕೊಟ್ಟದ್ದು ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಆಫೀಸು, ಆಸ್ಪತ್ರೆ, ಆಟದ ಮೈದಾನಗಳ ಜೊತೆಗೆ ವಾಸದ ಮನೆ, ಕೆಲಸದ ನಿಮಿತ್ತ ಹೋಗುವ ಜಾಗ, ಉದ್ಯೋಗದಾತರು ಒದಗಿಸಿದ ವಾಹನ ಎಲ್ಲವೂ ಅದರೊಳಗೆ ಬಂದವು. ಊಟ, ದಿನಸಿ ತಲುಪಿಸುವ ಹುಡುಗರು, ಆ್ಯಪ್ ಟ್ಯಾಕ್ಸಿ ಚಾಲಕರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ಅದು ಪ್ರತಿ ಕೆಲಸಗಾರನಿಗೂ ಒಂದು ಗುರುತಿನ ಸಂಖ್ಯೆ ಕೊಡುತ್ತದೆ, ಕಲ್ಯಾಣ ನಿಧಿಗೆ ಪ್ರತಿ ವಹಿವಾಟಿನಿಂದ ಹಣ ಸೇರಿಸುತ್ತದೆ. ಇವರು ಆರ್ಡರಿಗಾಗಿ ಕಾಯುವುದು ಹೋಟೆಲುಗಳ ಮುಂದೆ, ಮರದ ಕೆಳಗೆ ಸ್ಕೂಟರ್ ನಿಲ್ಲಿಸಿಕೊಂಡು. ಆಟೋದವರ ಸ್ಟ್ಯಾಂಡಿನಂತೆ ಜನ ಒಪ್ಪಿದ ಹೆಸರು ಆ ಜಾಗಕ್ಕೆ ಕನ್ನಡದಲ್ಲಿ ಇನ್ನೂ ಬಂದಿಲ್ಲ.